ಹೊಲಿಗೆ ಇಲ್ಲದ ಹೆರಿಗೆ

ರಕ್ತ ಕಂಡರೆ ಮೆಹನಾಜಳಿಗೆ ಹೇಸಿಕೆ ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುದ್ದೇಬಿಹಾಳದ ಅವಳ ಓಣಿಯವರೆಲ್ಲ ಅವಳು ಎಂಟು ದಿನದಲ್ಲಿ ಮೂಗು ಮುಚ್ಚಿಕೊಂಡು ವಾಪಸು ಬರುತ್ತಾಳೆಂದೇ ತೀರ್ಮಾನಿಸಿಬಿಟ್ಟಿದ್ದರು. ಹದಿನಾಲ್ಕು ವರ್ಷ ಲೇಡೀಸ್ ಟೇಲರ್ ಆಗಿ ಊರಿನ ಅರ್ಧ ಹೆಣ್ಣುಮಕ್ಕಳಿಗೆ ಕುಪ್ಪಸ ಹೊಲಿದುಕೊಟ್ಟವಳು ಮೂವತ್ತಮೂರನೆಯ ವಯಸ್ಸಿಗೆ ಅಂಗಡಿಯ ಶಟರ್ ಎಳೆದು, ಹದಿನೆಂಟರ ಹುಡುಗಿಯರ ಪಕ್ಕ ಬೆಂಚಿನಲ್ಲಿ ಕೂತು, ಹೆರಿಗೆ ಮಾಡಿಸುವ ಎರಡು ವರ್ಷದ ಕೋರ್ಸು ಓದುತ್ತೇನೆಂದರೆ ಜನ ಸುಮ್ಮನಿರುತ್ತಾರೆಯೇ? ರೆಡಿಮೇಡ್ ಕುಪ್ಪಸ ಬಂದು ಧಂದೆ ಬಿತ್ತು, ಅದಕ್ಕೇ ಸೂಲಗಿತ್ತಿ ಆಗಲು ಹೊರಟಳು ಎಂದರು. ಧಂದೆ ಬಿದ್ದದ್ದು ನಿಜ. ಆದರೆ ಅದಷ್ಟೇ ಆಗಿದ್ದರೆ ಅವಳು ಸೀರೆಗೆ ಫಾಲು, ಪಿಕೋ ಹಾಕಿಕೊಂಡು ಇನ್ನೂ ಹತ್ತು ವರ್ಷ ದೂಡುತ್ತಿದ್ದಳು.

ನಿಜವಾದ ಕಾರಣವನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮಗಳು ಜಾಸ್ಮಿನ ಹುಟ್ಟುವಾಗ ಆಸ್ಪತ್ರೆಯಲ್ಲಿ ಯಾರೋ ಒಬ್ಬಳು ಕತ್ತರಿ ಹಾಕಿ, ಪಕ್ಕದವಳ ಜೊತೆ ಸೀರೆಯ ಬಣ್ಣದ ಬಗ್ಗೆ ಹರಟುತ್ತ ಗಾಯ ಹೊಲಿದಿದ್ದಳು. ಅದು ಕೀವಾಗಿ, ಒಡೆದು, ಎರಡು ತಿಂಗಳು ಕಾಡಿತು. ಕೈಕೆಲಸ ಬಲ್ಲವಳಾದ್ದರಿಂದ ಮೆಹನಾಜಳಿಗೆ ತನಗಾದದ್ದು ಹಣೆಬರಹವಲ್ಲ, ಕೆಟ್ಟ ಕೆಲಸ ಎಂದು ಗೊತ್ತಿತ್ತು. ಅಲ್ಲೊಂದು ಒಳ್ಳೆಯ ಕೈ ಇರಬೇಕಿತ್ತು ಎಂದು ವರ್ಷಗಟ್ಟಲೆ ಅಂದುಕೊಂಡು, ಕೊನೆಗೆ ಆ ಕೈ ತನ್ನದೇ ಯಾಕಾಗಬಾರದು ಎಂದುಕೊಂಡಳು.

ಗಂಡ ಫಯಾಜ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೆಲಸ ಮಾಡುವವನು. ಆಗಲಿ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಅತ್ತೆ ಲಾಲಬಿ ಮಾತ್ರ ಮುಖ ಕಿವುಚಿದಳು. ಸೊಸೆ ಆಸ್ಪತ್ರೆಯಿಂದ ಬಂದೊಡನೆ ಹಿತ್ತಲಲ್ಲೇ ಮೈ ತೊಳೆಯಬೇಕು, ಅವಳ ಚಹಾದ ಲೋಟ ಬೇರೆ, ರೊಟ್ಟಿಯ ಹಿಟ್ಟಿಗೆ ಅವಳು ಕೈ ಹಾಕುವಂತಿಲ್ಲ. ಏಳು ಮಕ್ಕಳನ್ನು ಹೆತ್ತವಳು ಲಾಲಬಿ. ಆ ಏಳೂ ಸಲ ಯಾವುದೋ ಹೆಂಗಸು ಬಂದು ಕೈ ಹಾಕಿ ಅವಳ ಜೀವ ಉಳಿಸಿದ್ದಳು. ಅಂಥದೇ ಕೈ ಈಗ ಮನೆಯ ಹಿಟ್ಟಿಗೆ ಮೈಲಿಗೆಯಾಯಿತು. ಹೆರಿಗೆ ಬೇಕು, ಕೂಸು ಬೇಕು, ಪೇಢೆ ಬೇಕು, ಮಾಡಿಸಿದವಳ ಕೈ ಮಾತ್ರ ಬೇಡ. ಇದಕ್ಕಿಂತ ಹೊಲಸು ಮನಸ್ಸು ಇನ್ನೊಂದು ಇರಲಾರದು ಎಂದು ಮೆಹನಾಜ ಅಂದುಕೊಂಡಿದ್ದಳು. ಎರಡನೆಯ ವರ್ಷ ತರಬೇತಿಗೆಂದು ಅವಳನ್ನು ಹೆರಿಗೆ ಆಸ್ಪತ್ರೆಗೆ ಹಾಕಿದಾಗ ಲಾಲಬಿ ಎಷ್ಟೋ ವಾಸಿ ಎನಿಸಿತು.

ಆ ಆಸ್ಪತ್ರೆಯ ಹೆಸರು ಬೇಡ. ಖಾಸಗಿಯದು, ಮುಂದಿನ ಗೋಡೆಗೆ ಗಾಜು, ಹಿಂದೆ ತೆರೆದ ಗಟಾರ. ಹೆರಿಗೆ ಕೋಣೆಯಲ್ಲಿ ಮೂರು ಟೇಬಲ್ಲು, ನಡುವೆ ಪರದೆ ಇಲ್ಲ. ಒಬ್ಬಳು ಹೆರುತ್ತಿದ್ದರೆ ಇನ್ನೊಬ್ಬಳು ಅದನ್ನೇ ನೋಡುತ್ತ ತನ್ನ ಸರದಿಗೆ ನಡುಗುತ್ತ ಮಲಗಿರಬೇಕು. ಫಿನೈಲು, ಬೆವರು, ಹಳಸಿದ ರಕ್ತ, ಆಯಾ ತಿಂದಿಟ್ಟ ಚುರುಮುರಿ, ಎಲ್ಲದರ ವಾಸನೆಯೂ ಒಂದಾಗಿ ಗಂಟಲಲ್ಲಿ ಕೂತುಬಿಡುತ್ತಿತ್ತು. ಆದರೆ ವಾಸನೆಗೆ ಮೂಗು ಹೊಂದಿಕೊಳ್ಳುತ್ತದೆ. ಕಿವಿ ಹೊಂದಿಕೊಳ್ಳಲಿಲ್ಲ.

ಅಲ್ಲಿಯ ಹಿರಿಯ ಸಿಸ್ಟರು ಕಸ್ತೂರೆವ್ವ. ಇಪ್ಪತ್ತೆಂಟು ವರ್ಷದ ಅನುಭವ, ಗಂಡಸಿನಂಥ ಮಣಿಕಟ್ಟು. ಕೂಸು ಅಡ್ಡ ಇದೆಯೋ ನೆಟ್ಟಗಿದೆಯೋ ಎಂಬುದನ್ನು ಹೊಟ್ಟೆಯ ಮೇಲೆ ಒಂದು ಸಲ ಕೈಯಾಡಿಸಿ ಹೇಳುತ್ತಿದ್ದಳು, ಅದು ತಪ್ಪುತ್ತಿರಲಿಲ್ಲ. ಅವಳ ಬಾಯಿಯೂ ತಪ್ಪುತ್ತಿರಲಿಲ್ಲ. ನೋವಿಗೆ ಕೂಗಿದವಳ ತೊಡೆಗೆ ಅಂಗೈ ಬೀಸಿ ಹೊಡೆದು, ಗಂಡನ ಮಗ್ಗುಲಲ್ಲಿ ಮಲಗಿದಾಗ ಹೀಗೆ ಕೂಗಿದ್ದೆಯಾ ಎಂದು ಕೇಳುವಳು. ಆಯಾಗಳು ನಗುವರು. ಮೊದಲ ಸಲ ಕೇಳಿದಾಗ ಮೆಹನಾಜಳ ಬಾಯಲ್ಲಿ ಹುಳಿನೀರು ಬಂತು. ಜೊತೆಗಿದ್ದ ಹದಿನೆಂಟರ ಹುಡುಗಿಯರೂ ತಿಂಗಳೊಪ್ಪತ್ತಿನಲ್ಲಿ ಅದೇ ಮಾತು ಕಲಿತದ್ದನ್ನು ನೋಡಿ ಇನ್ನೂ ಹೇಸಿಕೆಯಾಯಿತು.

ಎಲ್ಲಕ್ಕಿಂತ ಕೆಟ್ಟದ್ದು ಕತ್ತರಿ. ಕೂಸಿನ ತಲೆಗೆ ದಾರಿ ಸಾಲದಿದ್ದರೆ ಮಾತ್ರ ಹೆರುವ ದಾರಿಯನ್ನು ಒಂದಿಷ್ಟು ಕತ್ತರಿಸಿ ಹೊಲಿಯಬೇಕೆಂದು ಪುಸ್ತಕದಲ್ಲಿತ್ತು. ಇಲ್ಲಿ ಎಲ್ಲರಿಗೂ ಕತ್ತರಿ. ಚೊಚ್ಚಲಿಗಂತೂ ತಪ್ಪಿದ್ದಲ್ಲ, ಎರಡನೆಯದಕ್ಕೆ ಹಳೆಯ ಗಾಯದ ಮೇಲೆಯೇ. ಡ್ಯೂಟಿ ಮುಗಿಯುವ ಹೊತ್ತು ಬಂದರೆ ಕತ್ತರಿ, ಊಟದ ಡಬ್ಬಿ ಬಂದರೆ ಕತ್ತರಿ. ಜೋಮು ಹಿಡಿಸುವ ಸೂಜಿ ಚುಚ್ಚಿ, ಅದು ಹಿಡಿಯುವ ಮೊದಲೇ ಹೊಲಿಯಲು ಶುರು. ಹಾಗೆ ಹೊಲಿದ ಗಾಯಗಳನ್ನು ಮೆಹನಾಜ ನೋಡುತ್ತಿದ್ದಳು. ಪದರಕ್ಕೆ ಪದರ ಕೂಡಿಲ್ಲ, ಒಂದು ಕಡೆ ಬಿಗಿದು ಸುಕ್ಕು, ಇನ್ನೊಂದು ಕಡೆ ಸಡಿಲ. ಅವಳ ಅಂಗಡಿಯಲ್ಲಿ ಯಾವ ಹುಡುಗಿಯಾದರೂ ಲಂಗದ ಅಸ್ತರಿಗೆ ಇಂಥ ಹೊಲಿಗೆ ಹಾಕಿದ್ದರೆ ಬಿಚ್ಚಿ ಮುಖಕ್ಕೆ ಎಸೆಯುತ್ತಿದ್ದಳು.

ಎಸೆಯುವ ಹಾಗಿರಲಿಲ್ಲ. ಕೋರ್ಸು ಮುಗಿಯಬೇಕಾದರೆ ಇಪ್ಪತ್ತು ಹೆರಿಗೆ ಮಾಡಿಸಿ, ಒಂದೊಂದನ್ನೂ ಪುಸ್ತಕದಲ್ಲಿ ಬರೆದು ಕಸ್ತೂರೆವ್ವನ ಸಹಿ ಪಡೆಯಬೇಕಿತ್ತು. ಸಹಿ ಇಲ್ಲದಿದ್ದರೆ ಪರೀಕ್ಷೆ ಇಲ್ಲ, ಮತ್ತೆ ಸೇರಲು ವಯಸ್ಸಿನ ಮಿತಿ ದಾಟಿಹೋಗಿತ್ತು. ಆದ್ದರಿಂದ ಅವಳು ತುಟಿ ಹೊಲಿದುಕೊಂಡು ಕೆಲಸ ಮಾಡಿದಳು. ಹತ್ತೊಂಬತ್ತು ಆದವು. ಹತ್ತೊಂಬತ್ತಕ್ಕೂ ಕತ್ತರಿ, ಅದರಲ್ಲಿ ಎಂಟು ಅವಳದೇ ಕೈಯಿಂದ. ಅವು ಬೇಕಿರಲಿಲ್ಲವೆಂದು ಕತ್ತರಿಸುವಾಗಲೇ ಗೊತ್ತಿತ್ತು. ಲಾಲಬಿ ತನ್ನ ಕೈಗೆ ಹೇಸುವುದರಲ್ಲಿ ತಪ್ಪೇನಿಲ್ಲ ಎಂದು ಈಚೆಗೆ ಅವಳಿಗೇ ಅನಿಸತೊಡಗಿತ್ತು. ಒಂದೇ ಒಂದು ಹೆರಿಗೆಯನ್ನಾದರೂ ಕತ್ತರಿ ಮುಟ್ಟದೆ ಮಾಡಿಸಿ, ಇದ್ದದ್ದನ್ನು ಇದ್ದ ಹಾಗೆ ಬರೆದು ಹೊರಬೀಳಬೇಕು, ಇಲ್ಲದಿದ್ದರೆ ಅಂಗಡಿ ಮುಚ್ಚಿದ್ದು ಮಣ್ಣುಪಾಲು ಎಂದು ಆಣೆ ಮಾಡಿಕೊಂಡಳು. ಉಳಿದದ್ದು ಇಪ್ಪತ್ತನೆಯದು ಮಾತ್ರ.

ಅದು ಭಾಗ್ಯಜ್ಯೋತಿಯ ಹೆರಿಗೆ. ನಾಲತವಾಡದ ಶಂಕರೆಪ್ಪನ ಮಗಳು, ಇಂಡಿ ಕಡೆಯ ತಾಂಬಾಕ್ಕೆ ಕೊಟ್ಟದ್ದು, ಚೊಚ್ಚಲು ಬಾಣಂತನಕ್ಕೆ ತವರಿಗೆ ಬಂದವಳು. ಮದುವೆಯ ಕುಪ್ಪಸಗಳನ್ನು ಮೆಹನಾಜಳೇ ಹೊಲಿದಿದ್ದಳು. ಆಗಲೇ ಸಣಕಲಿ, ಈಗ ಹೊಟ್ಟೆಯೊಂದನ್ನು ಬಿಟ್ಟರೆ ಮೈಯಲ್ಲಿ ಏನೂ ಇರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಟೇಬಲ್ಲಿನ ಮೇಲಿಂದ ಮೆಹನಾಜಳನ್ನು ಕಂಡವಳೇ ಅಳು ನಿಲ್ಲಿಸಿ, ನೀವು ಇದ್ದೀರಲ್ಲ ಅಕ್ಕ, ಇನ್ನು ಹೆದರಿಕೆ ಇಲ್ಲ ಎಂದಳು. ಮೆಹನಾಜಳಿಗೆ ಆ ನಂಬಿಕೆಯೇ ಹೆದರಿಕೆ ತಂದಿತು.

ಹನ್ನೊಂದರ ಹೊತ್ತಿಗೆ ಕಸ್ತೂರೆವ್ವ, ಕತ್ತರಿಯ ಟ್ರೇ ಸಿದ್ಧ ಇಡು, ತಲೆ ಕಂಡೊಡನೆ ಕರಿ ಎಂದು ಹೇಳಿ ಉಪ್ಪಿಟ್ಟು ತಿನ್ನಲು ಹೋದಳು. ಮೆಹನಾಜ ಟ್ರೇ ಸಿದ್ಧ ಇಟ್ಟಳು. ತಲೆ ಕಂಡಾಗ ಮಾತ್ರ ಕರೆಯಲಿಲ್ಲ.

ಆಯಾಳನ್ನು ಬಿಸಿನೀರಿಗೆ ಕಳಿಸಿ, ಹುಡುಗಿಯನ್ನು ಎಡ ಮಗ್ಗುಲಿಗೆ ಹೊರಳಿಸಿದಳು. ಬಿಸಿನೀರಲ್ಲಿ ಅದ್ದಿ ಹಿಂಡಿದ ಅರಿವೆಯನ್ನು ಹೆರುವ ದಾರಿಯ ಅಂಚಿಗೆ ಒತ್ತಿ ಹಿಡಿದಳು. ಈಗಲೇ ತಿಣುಕಿ ಮುಕ್ಕಬೇಡ, ಬಾಯಿ ತೆರೆದು ಉಸಿರು ಬಿಡು, ನಾನು ಹೇಳಿದಾಗ ಮಾತ್ರ ಒಂದಿಷ್ಟು ಮುಕ್ಕು ಎಂದು ಕಿವಿಯ ಹತ್ತಿರ ಹೇಳುತ್ತ ಹೋದಳು. ಯಾರೂ ಹೊಡೆಯಲಿಲ್ಲ, ಯಾರೂ ಹೊಟ್ಟೆಯ ಮೇಲೆ ಮೊಣಕೈ ಊರಲಿಲ್ಲ. ನೋವು ಬಂದಾಗ ತಲೆ ಬೆರಳಷ್ಟು ಮುಂದೆ ಬರುವುದು, ಹೋದಾಗ ಹಿಂದೆ ಸರಿಯುವುದು. ಅವಸರವಿಲ್ಲದೆ ಚರ್ಮ ಸಡಿಲವಾಗುತ್ತ ದಾರಿ ಬಿಡುವುದನ್ನು ಮೆಹನಾಜ ತನ್ನ ಅಂಗೈಯಲ್ಲೇ ತಿಳಿಯುತ್ತಿದ್ದಳು. ಇಪ್ಪತ್ತು ನಿಮಿಷ ಹಿಡಿಯಿತು. ಉಪ್ಪಿಟ್ಟು ತಿನ್ನುವಷ್ಟು ಹೊತ್ತು, ಅಷ್ಟೆ. ಕೂಸು ಜಾರಿ ಬಂದು ಅವಳ ಎರಡೂ ಕೈ ತುಂಬಿತು. ಹೆಣ್ಣು. ತಾಯಿಯ ಎದೆಯ ಮೇಲಿಟ್ಟೊಡನೆ ಸಿಟ್ಟಿನಿಂದ ಅತ್ತಿತು. ದೀಪ ಹತ್ತಿರ ತಂದು ಮೆಹನಾಜ ಎರಡೆರಡು ಸಲ ನೋಡಿದಳು. ಎಲ್ಲಿಯೂ ಒಂದು ಗೀರು ಇಲ್ಲ. ಎರಡು ವರ್ಷದಲ್ಲಿ ಮೊದಲ ಸಲ ಅವಳಿಗೆ ತನ್ನ ಕೈಗಳ ಬಗ್ಗೆ ಸಂತೋಷವಾಯಿತು. ಉಕ್ಕಿ ಬಂದ ಅಳುವನ್ನು ಮಾಸ್ಕಿನೊಳಗೇ ನುಂಗಿದಳು.

ಬಾಯಿ ಒರೆಸುತ್ತ ಬಂದ ಕಸ್ತೂರೆವ್ವ ಕೂಸು ನೋಡಿದಳು, ಟ್ರೇಯಲ್ಲಿ ರಕ್ತ ಕಾಣದ ಕತ್ತರಿ ನೋಡಿದಳು. ತಾನೂ ದೀಪ ಹಿಡಿದು ಪರೀಕ್ಷೆ ಮಾಡಿದಳು. ಹುಳುಕು ಸಿಗಲಿಲ್ಲ. ಅದಕ್ಕೇ ಸಿಟ್ಟು ಇನ್ನೂ ಏರಿತು. ಈ ದವಾಖಾನೆಯಿಂದ ಚೊಚ್ಚಲು ಹೆತ್ತವಳು ಯಾರೂ ಹೊಲಿಗೆ ಇಲ್ಲದೆ ಹೋಗಿಲ್ಲ, ಹರಿದುಹೋಗಿದ್ದರೆ ಯಾರು ಗತಿ, ಡಾಕ್ಟರಿಗೆ ನಾನೇನು ಹೇಳಲಿ ಎಂದು ಕೂಗಾಡಿದಳು. ಮೆಹನಾಜ ಮೆತ್ತಗೆ, ಹರಿದಿಲ್ಲವಲ್ಲ, ಆದದ್ದನ್ನೇ ಬರೆಯುತ್ತೇನೆ ಎಂದಳು. ಬೇಕಾದ್ದು ಬರೆದುಕೋ, ಸಹಿ ಮಾತ್ರ ನನ್ನದಲ್ಲವೇ ಎಂದು ಕಸ್ತೂರೆವ್ವ ಹೋದಳು.

ಸಹಿ ಇಲ್ಲದಿದ್ದರೂ ಸರಿ, ಆದದ್ದನ್ನೇ ಬರೆಯುತ್ತೇನೆ ಎಂದು ಮೆಹನಾಜ ಮಧ್ಯಾಹ್ನದವರೆಗೆ ಗಟ್ಟಿಯಾಗಿಯೇ ಇದ್ದಳು. ಮೇಲಿನವರಿಗೆ ಅರ್ಜಿ ಕೊಡುತ್ತೇನೆ, ಬಸವನ ಬಾಗೇವಾಡಿಯ ಆಸ್ಪತ್ರೆಗೆ ಹೋಗಿ ಇನ್ನೊಂದು ಹೆರಿಗೆ ಮಾಡಿಸಿ ಬೇರೆ ಸಹಿ ತರುತ್ತೇನೆ ಎಂದೆಲ್ಲ ಯೋಚಿಸಿದಳು. ಅಷ್ಟರಲ್ಲಿ ತಾಂಬಾದಿಂದ ಗುರಲಿಂಗವ್ವ ಬಂದಳು. ಭಾಗ್ಯಜ್ಯೋತಿಯ ಅತ್ತೆ.

ಬಾಣಂತಿಯರ ವಾರ್ಡಿಗೆ ಬಂದವರು ಮೊದಲು ಕೇಳುವುದು ಗಂಡೋ ಹೆಣ್ಣೋ. ಎರಡನೆಯದು, ಹೊಲಿಗೆ ಎಷ್ಟು ಬಿದ್ದವು. ಐದು ಎಂದರೆ ಒಂದು ಮರುಕ, ಎಂಟು ಎಂದರೆ ಇನ್ನೊಂದು ಮರುಕ. ಹೊಲಿಗೆ ಹೆಚ್ಚಿದ್ದಷ್ಟೂ ಹೆತ್ತವಳಿಗೆ ಮರ್ಯಾದೆ ಹೆಚ್ಚು, ತುಪ್ಪ ಹೆಚ್ಚು, ತವರಿನಲ್ಲಿ ಇರುವ ದಿನಗಳೂ ಹೆಚ್ಚು. ಗುರಲಿಂಗವ್ವ ಹೆಣ್ಣು ಎಂಬುದನ್ನು ಮುಖ ಗಂಟು ಹಾಕಿಕೊಂಡೇ ನುಂಗಿದಳು. ಎರಡನೆಯ ಪ್ರಶ್ನೆಗೆ ಪಕ್ಕದ ಹಾಸಿಗೆಯವಳು, ಇವಳಿಗೆ ಒಂದೂ ಬಿದ್ದಿಲ್ಲವಂತೆ, ಪುಣ್ಯ ಮಾಡಿದ್ದಳು ಎಂದುಬಿಟ್ಟಳು. ಗುರಲಿಂಗವ್ವನ ಹುಬ್ಬುಗಳು ಮೇಲೆ ಹೋದವು.

"ಒಂದೂ ಇಲ್ಲ? ಹಂಗಾರ ತ್ರಾಸ ಏನೂ ಆಗಿಲ್ಲ ಬಿಡು. ಹನ್ನೆರಡ ದಿವಸಕ್ಕ ತೊಟ್ಲದಾಗ ಹಾಕಿ ಕರಕೊಂಡು ಹೋಗ್ತೇವಿ. ನಿಂಬಿಕಾಯಿ ಹರಿಯಾಕ ಬಂದಾವ, ಆಳಿಗೆ ರೊಟ್ಟಿ ಬಡಿಯಾಕ ಮನ್ಯಾಗ ಯಾರದಾರ? ನನ್ನ ಮಗಾನೂ ಒಬ್ಬನ ಎಷ್ಟ ದಿನಾ ಇದ್ದಾನು?"

ಕೊನೆಯ ಮಾತನ್ನು ಅವಳು ನಗುತ್ತ ಹೇಳಿದಳು. ವಾರ್ಡಿನ ಹೆಂಗಸರು ಕೆಲವರು ನಕ್ಕರು. ಭಾಗ್ಯಜ್ಯೋತಿ ನಗಲಿಲ್ಲ, ಕೂಸಿನ ಕುಲಾವಿಯ ದಾರವನ್ನು ಸುಮ್ಮನೆ ತಿರುವುತ್ತ ಕುಳಿತಳು. ಮೆಹನಾಜ ಕೈಯಲ್ಲಿದ್ದ ಗುಳಿಗೆಯ ಡಬ್ಬಿ ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ಹರಿದ ಮೈಯಿದ್ದರೆ ಮಾತ್ರ ಹೆತ್ತದ್ದಕ್ಕೆ ಸಾಕ್ಷಿ. ಒಂಬತ್ತು ತಿಂಗಳು ಹೊತ್ತದ್ದು, ರಾತ್ರಿಯಿಡೀ ಬೇನೆ ತಿಂದದ್ದು, ಒಂದಕ್ಕೂ ಲೆಕ್ಕವಿಲ್ಲ. ಕಸ್ತೂರೆವ್ವನ ಬಾಯಿಯಾದರೂ ಹೊಲಸೆಂದು ಎಲ್ಲರಿಗೂ ಗೊತ್ತಿತ್ತು. ಇದು ವಿಭೂತಿ ಹಚ್ಚಿಕೊಂಡು, ಸೆರಗು ಹೊದ್ದುಕೊಂಡು, ಡಬ್ಬಿಯಲ್ಲಿ ಅಂಟಿನುಂಡೆ ತಂದ ಹೊಲಸು.

ಗುರಲಿಂಗವ್ವ ಚಹಾಕ್ಕೆಂದು ಹೊರಗೆ ಹೋದಾಗ ಭಾಗ್ಯಜ್ಯೋತಿ ಮೆಹನಾಜಳ ಮಣಿಕಟ್ಟು ಹಿಡಿದಳು.

"ಅಕ್ಕಾ, ಹೊಲಿಗಿ ಹಾಕೇವಿ ಅಂತ ಹೇಳ್ರಿ. ಕಾಲ ಬೀಳ್ತೇನಿ. ಹನ್ನೆರಡ ದಿವಸಕ್ಕ ಹೋದ್ರ ನಾ ಉಳಿಯಂಗಿಲ್ರಿ. ಆಂವ ಬಸರಿದ್ದಾಗನೂ ಬಿಟ್ಟಿಲ್ರಿ ನನ್ನ."

ಮೆಹನಾಜ ಕೈ ಬಿಡಿಸಿಕೊಂಡು ಹೊರಬಂದಳು. ವರಾಂಡದ ನಲ್ಲಿಯ ಹತ್ತಿರ ಕಸ್ತೂರೆವ್ವ ಕೈ ತೊಳೆಯುತ್ತಿದ್ದಳು. ಬಾಗಿಲು ತೆರೆದೇ ಇತ್ತು, ಎಲ್ಲ ಕೇಳಿಸಿಕೊಂಡಿದ್ದಳು. ಸಾಬೂನಿನ ನೊರೆಯನ್ನು ಮೊಣಕೈವರೆಗೆ ಹಚ್ಚುತ್ತ, ತಲೆ ಎತ್ತದೆ ಹೇಳಿದಳು.

"ನಾ ಬರೇ ಗಡಿಬಿಡಿಗೆ ಕತ್ತರಿ ಹಾಕ್ತೇನಿ ಅಂತ ತಿಳಕೊಂಡೀಯೇನ? ಹೊಲಿಗಿ ಇದ್ದಾಕಿನ್ನ ಮೂರು ತಿಂಗಳ ಯಾರೂ ಮುಟ್ಟಂಗಿಲ್ಲ. ಇಲ್ಲದಾಕಿನ್ನ ಹದಿನೈದು ದಿವಸಕ್ಕ ಎಳಕೊಂಡು ಹೋಗ್ತಾರ. ಮುಂದಿನ ವರ್ಷ ಮತ್ತ ಇದ ಟೇಬಲ್ ಮ್ಯಾಗ ಬಂದು ಮಲಗ್ತಾಳ, ಮೈಯಾಗ ರಕ್ತನ ಇರಂಗಿಲ್ಲ. ಅಂಥಾವು ಎರಡು ಹೆಣಾ ಈ ಕೈಲೆ ಒರಿಸೇನಿ."

"ಗಡಿಬಿಡಿಗೂ ಹಾಕ್ತೀರಲ್ರಿ," ಎಂದಳು ಮೆಹನಾಜ.

"ಹಾಕ್ತೇನಿ," ಎಂದಳು ಕಸ್ತೂರೆವ್ವ.

ಅವಳು ಸುಳ್ಳು ಹೇಳಿದ್ದರೆ ಎಷ್ಟೋ ಚೆನ್ನಾಗಿತ್ತು. ಉಗಿದು ಹೋಗಬಹುದಿತ್ತು. ಅರ್ಧ ನಿಜ ಹೇಳಿದಳು, ಅದನ್ನು ಉಗಿಯುವ ಹಾಗಿರಲಿಲ್ಲ. ಹೆಂಗಸಿನ ಮೈಯನ್ನು ಮೂರು ತಿಂಗಳು ಕಾಯಬೇಕಾದರೆ ಅದನ್ನು ಮೊದಲು ಕತ್ತರಿಸಬೇಕು. ಇಂಥ ಕಾವಲನ್ನು ಯಾರು ಕಂಡುಹಿಡಿದರು? ಕತ್ತರಿಸುವವಳಿಗೆ ಹೇಸಬೇಕೋ, ಕತ್ತರಿಸದಿದ್ದರೆ ಹರಿದು ತಿನ್ನುವವರಿಗೆ ಹೇಸಬೇಕೋ, ಇದೆಲ್ಲ ತಿಳಿದೂ ಮಗಳನ್ನು ಅಲ್ಲಿಗೇ ಕಳಿಸುವವರಿಗೆ ಹೇಸಬೇಕೋ ಅವಳಿಗೆ ತಿಳಿಯಲಿಲ್ಲ. ಹೇಸಿಕೆ ಎಲ್ಲರ ಮೇಲೂ ಬಂತು. ಒಳಗೆ ಹೋಗಿ ಗುರಲಿಂಗವ್ವನಿಗೆ ಬುದ್ಧಿ ಹೇಳಬಹುದಿತ್ತು. ಬಾಣಂತಿಗೆ ಆರು ವಾರ ವಿಶ್ರಾಂತಿ ಬೇಕೆಂದು ಪುಸ್ತಕದಲ್ಲಿದೆ ಎಂದು ಹೇಳಬಹುದಿತ್ತು. ಈ ಮೊದಲು ನಾಲ್ಕು ಅತ್ತೆಯರಿಗೆ ಹೇಳಿ ನೋಡಿದ್ದಳು. ನಾವು ಹತ್ತು ಹೆತ್ತಿಲ್ಲವೇ ಎಂದು ನಾಲ್ವರೂ ನಕ್ಕಿದ್ದರು.

ಮೇಜಿನ ಮೇಲೆ ಅವಳ ಪುಸ್ತಕ ತೆರೆದಿತ್ತು. ಇಪ್ಪತ್ತನೆಯ ಪುಟದಲ್ಲಿ ಹೆಸರು, ಊರು, ವಯಸ್ಸು, ಕೂಸಿನ ತೂಕ ಬರೆದಾಗಿತ್ತು. ಒಂದು ಸಾಲು ಖಾಲಿ. ಆ ಸಾಲನ್ನು ಎಷ್ಟು ಚೆಂದದ ಅಕ್ಷರದಲ್ಲಿ ತುಂಬಬೇಕೆಂದು ಬೆಳಗಿನಿಂದ ಅಂದುಕೊಂಡಿದ್ದಳೋ. ಪೆನ್ನು ತೆಗೆದುಕೊಂಡಳು. ಆ ಸಾಲಿನಲ್ಲಿ, ಕತ್ತರಿ ಹಾಕಲಾಯಿತು, ಏಳು ಹೊಲಿಗೆ, ಮೂರು ತಿಂಗಳು ಪೂರ್ಣ ವಿಶ್ರಾಂತಿ ಎಂದು ಬರೆದಳು. ಮನೆಗೆ ಕಳಿಸುವ ಕಾರ್ಡಿನ ಮೇಲೂ ಅದನ್ನೇ ಬರೆದಳು. ಕಸ್ತೂರೆವ್ವ ಓದಿ ನೋಡಿ ಎರಡಕ್ಕೂ ಸಹಿ ಹಾಕಿದಳು. ಇಪ್ಪತ್ತಕ್ಕೆ ಇಪ್ಪತ್ತು, ಒಂದೇ ಥರ, ಪಾಸಾದೆ ಹೋಗು ಎಂದಳು. ಮಾತಿನಲ್ಲಿ ಕುಹಕವಿರಲಿಲ್ಲ, ಮೆಚ್ಚುಗೆಯೇ ಇತ್ತು. ಅದಕ್ಕೇ ಮೆಹನಾಜಳಿಗೆ ಕೆನ್ನೆಗೆ ಹೊಡೆದಂತಾಯಿತು. ಅವಳ ಕೈಯಿಂದಾದ ಒಂದೇ ಒಂದು ಚೊಕ್ಕ ಕೆಲಸ ಯಾವ ಕಾಗದದಲ್ಲಿಯೂ ಉಳಿಯಲಿಲ್ಲ.

ಗುರಲಿಂಗವ್ವ ಚಹಾ ಕುಡಿದು ಬರುವಷ್ಟರಲ್ಲಿ ಮೆಹನಾಜ ಕಾರ್ಡು ಹಿಡಿದು ಅವಳ ಮುಂದೆ ನಿಂತಿದ್ದಳು. ಪಕ್ಕದವಳು ತಪ್ಪು ತಿಳಿದಿದ್ದಾಳೆ, ಹೊಲಿಗೆಗಳು ಒಳಗಿವೆ, ಹೊರಗೆ ಕಾಣುವುದಿಲ್ಲ, ಒಂದು ಬಿಚ್ಚಿದರೂ ಜೀವಕ್ಕೆ ಅಪಾಯ ಎಂದು ಕಣ್ಣು ಮಿಟುಕಿಸದೆ ಹೇಳಿದಳು. ಅತ್ತೆಯ ಮುಖ ಕ್ಷಣದಲ್ಲಿ ಬದಲಾಯಿತು. ಏಳಾ, ಎಂದು ಬಾಯಿಯ ಮೇಲೆ ಸೆರಗು ಇಟ್ಟುಕೊಂಡಳು. ಪಾಪ ನನ್ನ ಸೊಸೆ ಎಂದು ಮೊದಲ ಸಲ ಭಾಗ್ಯಜ್ಯೋತಿಯ ತಲೆ ಸವರಿದಳು. ಅಲ್ಲೇ ನಿಂತು ತಾಂಬಾಕ್ಕೆ ಫೋನು ಹಚ್ಚಿ, ಮೂರು ತಿಂಗಳು ಈ ಕಡೆ ಕಾಲಿಡಬೇಡ ಎಂದು ಮಗನಿಗೆ ತಾಕೀತು ಮಾಡಿದಳು. ದನಿಯಲ್ಲಿ ಒಂದು ಹೆಮ್ಮೆಯೂ ಇತ್ತು. ಆ ಮರುಕವನ್ನು ನೋಡಲಾರದೆ ಮೆಹನಾಜ ಕಿಟಕಿಯ ಕಡೆ ತಿರುಗಿದಳು.

ಆದರೆ ಕಾರ್ಡೊಂದೇ ಸಾಕಾಗುವ ಹಾಗಿರಲಿಲ್ಲ. ಗುರಲಿಂಗವ್ವ ಎರಡು ದಿನ ಇಲ್ಲೇ ಇರುವವಳು. ಭಾಗ್ಯಜ್ಯೋತಿಯೋ, ಗಾಯವಿಲ್ಲದ ಮೈ, ಕೂಸು ಅತ್ತರೆ ಮೇಕೆಮರಿಯ ಹಾಗೆ ಚಂಗನೆ ಎದ್ದು ಕೂರುತ್ತಿದ್ದಳು. ಸಂಜೆ ಮೆಹನಾಜ ಅವಳನ್ನು ಬಚ್ಚಲಿಗೆಂದು ಎಬ್ಬಿಸಿಕೊಂಡು ಹೋಗಿ ಚಿಲಕ ಹಾಕಿದಳು. ಆ ವರಾಂಡದಲ್ಲಿ ತನ್ನ ಕಣ್ಣೆದುರು ಗೋಡೆ ಹಿಡಿದು ನಡೆದ ಹತ್ತೊಂಬತ್ತು ಹೆಂಗಸರನ್ನು ನೆನೆದು, ಅವರ ನಡಿಗೆಯನ್ನು ತಾನೇ ನಡೆದು ತೋರಿಸಿದಳು. ಕಾಲು ಅಗಲ ಮಾಡಿ ಸಣ್ಣ ಹೆಜ್ಜೆ ಇಡಬೇಕು. ಕೂರುವಾಗ ಎಡ ತೊಡೆಯ ಮೇಲೆ ಭಾರ ಹಾಕಿ ಕೂರಬೇಕು. ಏಳುವಾಗ ಕೆಳತುಟಿ ಕಚ್ಚಬೇಕು, ನಕ್ಕರೆ ತಟ್ಟನೆ ನಿಲ್ಲಿಸಿ ಹೊಟ್ಟೆ ಹಿಡಿದುಕೊಳ್ಳಬೇಕು. ಹುಡುಗಿ ಜಾಣೆ, ಮೂರು ಸಲಕ್ಕೆ ಕಲಿತಳು. ಅವಳಿಗೆ ನಗು ಬಂತು. ಮೆಹನಾಜಳಿಗೆ ಬರಲಿಲ್ಲ. ಎರಡು ವರ್ಷ ಓದಿ, ಗಾಯವಿಲ್ಲದೆ ಹೆರುವುದು ಹೇಗೆಂದು ಒಬ್ಬಳಿಗೆ ತೋರಿಸಿಕೊಟ್ಟ ದಿನವೇ, ಇಲ್ಲದ ನೋವನ್ನು ನಟಿಸುವುದನ್ನೂ ಅವಳಿಗೇ ಕಲಿಸುತ್ತ ಬಚ್ಚಲಿನಲ್ಲಿ ನಿಂತಿದ್ದಳು.

ಚಿಲಕ ತೆಗೆದಳು. ಭಾಗ್ಯಜ್ಯೋತಿ ಗೋಡೆ ಹಿಡಿದು ಕುಂಟುತ್ತ ವಾರ್ಡಿಗೆ ನಡೆದಳು. ಗುರಲಿಂಗವ್ವ ಗಾಬರಿಯಿಂದ ಎದ್ದು ಬಂದು, ಸಾವಕಾಶ, ಸಾವಕಾಶ ಎಂದು ಕಂಕುಳಿಗೆ ಕೈ ಕೊಟ್ಟಳು. ಹಾಸಿಗೆ ಹತ್ತಿರ ಬಂದಾಗ ಕೂಸು ಅತ್ತಿತು, ಹುಡುಗಿ ಗಡಿಬಿಡಿಯಲ್ಲಿ ಬಲ ತೊಡೆಯ ಮೇಲೆ ಕೂರಲು ಹೋದಳು. ಬಾಗಿಲಲ್ಲಿ ನಿಂತಿದ್ದ ಮೆಹನಾಜ ಕೆಮ್ಮಿ, ಎಡಕ್ಕೆ ಎಂದು ಕಣ್ಣಿನಲ್ಲೇ ಸನ್ನೆ ಮಾಡಿದಳು.